ಪ್ರಶ್ನೆ ಕೇಳಿದ ಇಮಾಮ್: ಹುಜ್ಜತುಲ್ ಇಸ್ಲಾಂ ಗಝಾಲಿ (ರ.)

ಇಮಾಮ್ ಗಝಾಲಿ (ರ.) ಎಂಬ ಹೆಸರು ಕೇಳದ ಬ್ಯಾರಿ ಮನೆ ಇರಲಿಕ್ಕಿಲ್ಲ. ಮತಪ್ರವಚನದಲ್ಲಿ ಉಸ್ತಾದರು ಒಂದು ಮಾತಿಗೆ ತೂಕ ಕೊಡಬೇಕಾದರೆ ಇಹ್ಯಾದಲ್ಲಿ ಹೀಗೆ ಬಂದಿದೆ ಅಂತ ಹೇಳುತ್ತಾರೆ. ಹುಜ್ಜತುಲ್ ಇಸ್ಲಾಂ, ಅಂದರೆ ಇಸ್ಲಾಮಿನ ಪುರಾವೆ ಎಂದು ಮುಸ್ಲಿಂ ಜಗತ್ತು ಅವರನ್ನು ಕರೆಯುತ್ತದೆ. ನಾವೆಲ್ಲ ಅವರನ್ನು ಉತ್ತರ ಹೇಳಿದವರು ಅಂತಲೇ ಬಲ್ಲೆವು. ಆದರೆ ಉತ್ತರ ಹೇಳುವುದಕ್ಕೆ ಮೊದಲು ಅವರು ವರ್ಷಗಟ್ಟಲೆ ಪ್ರಶ್ನೆ ಕೇಳಿದವರು. ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯನ್ನು ತನಗೇ ಕೇಳಿಕೊಂಡವರು.

ಇವತ್ತು ಈ ಮಾತು ಎತ್ತಲು ಕಾರಣ ಉಂಟು. ಮದ್ರಸ ಮುಗಿಸಿ ಕಾಲೇಜಿಗೆ ಹೋಗಿ, ಆಮೇಲೆ ಬೆಂಗಳೂರಿಗೋ ಗಲ್ಫಿಗೋ ಕೆಲಸಕ್ಕೆ ಹೋದ ನಮ್ಮ ಮಕ್ಕಳು ಇಪ್ಪತ್ತೈದು, ಮೂವತ್ತರ ವಯಸ್ಸಿನಲ್ಲಿ ಒಂದು ಪ್ರಶ್ನೆ ಹಿಡಿದುಕೊಂಡು ಊರಿಗೆ ಬರುತ್ತಾರೆ. ನಾನು ಬ್ಯಾರಿ ಮನೆಯಲ್ಲಿ ಹುಟ್ಟಿದ್ದಕ್ಕೆ ಮುಸ್ಲಿಂ ಆದೆ, ಬೇರೆ ಮನೆಯಲ್ಲಿ ಹುಟ್ಟಿದ್ದರೆ ಏನಾಗುತ್ತಿದ್ದೆ? ಬಾಪ ಮಾಡುತ್ತಿದ್ದರು, ಉಪ್ಪಾಪ ಮಾಡುತ್ತಿದ್ದರು ಅಂತ ನಾವೂ ಮಾಡುವುದೆಲ್ಲ ದೀನ್ ಆಗುತ್ತದಾ? ಮನೆಯಲ್ಲಿ ಇದನ್ನು ಕೇಳಿದ ಕೂಡಲೇ ಉಮ್ಮ ಹೆದರುತ್ತಾರೆ, ಬಾಪ ಸಿಟ್ಟಾಗುತ್ತಾರೆ, ತೌಬಾ ಹೇಳು ಅಂತ ಮಾತು ಮುಗಿಸುತ್ತಾರೆ. ಮಗ ಸುಮ್ಮನಾಗುತ್ತಾನೆ. ಪ್ರಶ್ನೆ ಮಾತ್ರ ಒಳಗೇ ಉಳಿಯುತ್ತದೆ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಇದೇ ಪ್ರಶ್ನೆ ಒಬ್ಬ ಮನುಷ್ಯನ ಊಟ, ನಿದ್ದೆ ಕೆಡಿಸಿತ್ತು. ಆ ಮನುಷ್ಯ ಇಮಾಮ್ ಗಝಾಲಿ. ಅವರ ಬದುಕನ್ನು ಈ ಕಣ್ಣಿನಿಂದ ಒಮ್ಮೆ ನೋಡುವ.

ತೂಸ್‌ನ ಅನಾಥರು

ಅಬೂ ಹಾಮಿದ್ ಮುಹಮ್ಮದ್ ಗಝಾಲಿ ಹುಟ್ಟಿದ್ದು 1058ರಲ್ಲಿ, ಹಿಜರಿ 450ರಲ್ಲಿ. ಊರು ಖುರಾಸಾನಿನ ತೂಸ್. ಅದು ಇಂದಿನ ಇರಾನಿನ ಮಶ್‌ಹದ್ ನಗರದ ಹತ್ತಿರ ಬರುತ್ತದೆ. ಬಾಪ ಓದಿದವರಲ್ಲ. ಉಣ್ಣೆಯ ನೂಲು ತೆಗೆದು ಅಂಗಡಿಯಲ್ಲಿ ಮಾರಿ ಸಂಸಾರ ನಡೆಸುತ್ತಿದ್ದರು. ಬಿಡುವಾದಾಗ ಆಲಿಮರ ಮಜ್ಲಿಸಿಗೆ ಹೋಗಿ ಒಂದು ಮೂಲೆಯಲ್ಲಿ ಕೂತು ಕೇಳುತ್ತಿದ್ದರು, ಅಳುತ್ತಿದ್ದರು, ತನಗೂ ಇಂಥ ಮಕ್ಕಳಾಗಲಿ ಅಂತ ದುಆ ಮಾಡುತ್ತಿದ್ದರು. ಆ ಮಕ್ಕಳು ದೊಡ್ಡವರಾಗುವುದನ್ನು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ. ಸಾಯುವ ಮೊದಲು ಮುಹಮ್ಮದ್ ಮತ್ತು ತಮ್ಮ ಅಹ್ಮದ್ ಇಬ್ಬರನ್ನೂ ಒಬ್ಬ ಸೂಫಿ ಗೆಳೆಯನ ಕೈಗೆ ಒಪ್ಪಿಸಿ, ಇದ್ದ ಸ್ವಲ್ಪ ಹಣವನ್ನೂ ಕೊಟ್ಟು, ಇವರನ್ನು ಓದಿಸು ಎಂದು ಕೇಳಿಕೊಂಡರು.

ಆ ಹಣ ಬೇಗ ಮುಗಿಯಿತು. ಗೆಳೆಯ ತಾನೂ ಬಡವ. ಮಕ್ಕಳನ್ನು ಕೂರಿಸಿ ಇದ್ದ ವಿಷಯ ಹೇಳಿದರು: ಮದ್ರಸಕ್ಕೆ ಸೇರಿಕೊಳ್ಳಿ, ಅಲ್ಲಿ ವಿದ್ಯಾರ್ಥಿಗಳಿಗೆ ಊಟ ಸಿಗುತ್ತದೆ. ಹಾಗೆ ಮುಸ್ಲಿಂ ಜಗತ್ತಿನ ದೊಡ್ಡ ಆಲಿಮರಲ್ಲಿ ಒಬ್ಬರು ಮದ್ರಸದ ಮೆಟ್ಟಿಲು ಹತ್ತಿದ್ದು ಹಸಿವಿನಿಂದ. ಮುಂದೆ ಅವರೇ ಇದನ್ನು ಮುಚ್ಚಿಡದೆ ಹೇಳಿದ್ದಾರೆ. ತಾವು ಇಲ್ಮ್ ಹುಡುಕಿದ್ದು ಅಲ್ಲಾಹನಿಗಾಗಿ ಆಗಿರಲಿಲ್ಲ, ಆದರೆ ಆ ಇಲ್ಮ್ ಅಲ್ಲಾಹನಿಗಲ್ಲದೆ ಬೇರೆ ಯಾರಿಗೂ ಒಲಿಯಲು ಒಪ್ಪಲಿಲ್ಲ ಎಂಬುದು ಅವರ ಮಾತಿನ ಸಾರ.

ದರೋಡೆಕೋರ ಕಲಿಸಿದ ಪಾಠ

ತೂಸ್‌ನಲ್ಲಿ ಕಲಿತ ಮೇಲೆ ಹೆಚ್ಚಿನ ಓದಿಗೆ ಜುರ್ಜಾನ್ ಪಟ್ಟಣಕ್ಕೆ ಹೋದರು. ಅಲ್ಲಿ ಉಸ್ತಾದರು ಹೇಳಿದ್ದನ್ನೆಲ್ಲ ಬರೆದುಕೊಂಡು, ಆ ಕಟ್ಟನ್ನು ಚೀಲದಲ್ಲಿ ಹಾಕಿ ಊರಿಗೆ ಹೊರಟರು. ಮಧ್ಯದಾರಿಯಲ್ಲಿ ದರೋಡೆಕೋರರು ತಂಡವನ್ನು ತಡೆದು ಎಲ್ಲವನ್ನೂ ದೋಚಿದರು. ಯುವಕ ಗಝಾಲಿ ಸುಮ್ಮನಿರಲಿಲ್ಲ. ಕಳ್ಳರ ಹಿಂದೆಯೇ ಹೋಗಿ ನಾಯಕನ ಹತ್ತಿರ ಬೇಡಿಕೊಂಡರು. ಬೇರೆ ಏನೂ ಬೇಡ, ಆ ಕಾಗದದ ಕಟ್ಟು ಕೊಡಿ, ಅದು ನಿಮಗೆ ಉಪಯೋಗವಿಲ್ಲ, ನನ್ನ ಇಲ್ಮ್ ಎಲ್ಲ ಅದರಲ್ಲುಂಟು ಎಂದರು. ನಾಯಕ ನಕ್ಕುಬಿಟ್ಟ. ಚೀಲ ಕಿತ್ತುಕೊಂಡ ಕೂಡಲೇ ಹೋಗಿಬಿಡುವುದಾದರೆ ಅದನ್ನು ನಿನ್ನ ಇಲ್ಮ್ ಅಂತ ಹೇಗೆ ಹೇಳುತ್ತಿ ಎಂದು ಕೇಳಿ, ಕಟ್ಟನ್ನು ತಿರುಗಿ ಕೊಡಿಸಿದ.

ಗಝಾಲಿ ಅದನ್ನು ಅವಮಾನ ಅಂತ ತೆಗೆದುಕೊಳ್ಳಲಿಲ್ಲ. ಅಲ್ಲಾಹನು ದರೋಡೆಕೋರನ ಬಾಯಿಯಿಂದ ತನಗೆ ದಾರಿ ತೋರಿಸಿದ ಎಂದು ತಿಳಿದರು. ಊರಿಗೆ ಹೋಗಿ ಮೂರು ವರ್ಷ ಕೂತು ಬರೆದದ್ದನ್ನೆಲ್ಲ ಮನನ ಮಾಡಿದರು. ಇನ್ನೊಮ್ಮೆ ಯಾರು ದೋಚಿದರೂ ಖಾಲಿ ಕೈ ಆಗಬಾರದು ಅಂತ. ಈ ಕಥೆಯನ್ನು ನಾವು ಮಕ್ಕಳಿಗೆ ಬಾಯಿಪಾಠದ ಮಹತ್ವ ಹೇಳಲು ಹೇಳುವುದುಂಟು. ಆದರೆ ಅದರಲ್ಲಿ ಇನ್ನೂ ಆಳದ ವಿಷಯ ಇದೆ. ಚೀಲದಲ್ಲಿ ಇರುವುದು ಬೇರೆ, ತನ್ನದಾಗುವುದು ಬೇರೆ. ಈ ವ್ಯತ್ಯಾಸವನ್ನು ಗಝಾಲಿ ಕಡೆಯವರೆಗೂ ಮರೆಯಲಿಲ್ಲ.

ಆಮೇಲೆ ನೈಶಾಪುರದಲ್ಲಿ ಇಮಾಮುಲ್ ಹರಮೈನಿ ಎಂದು ಪ್ರಸಿದ್ಧರಾದ ಜುವೈನಿ (ರ.) ಅವರ ಶಿಷ್ಯರಾದರು. ಶಾಫಿಈ ಫಿಕ್ಹ್, ತರ್ಕ, ಕಲಾಂ ಎಲ್ಲವನ್ನೂ ಅರೆದು ಕುಡಿದರು. 1085ರಲ್ಲಿ ಗುರು ತೀರಿಕೊಂಡ ಮೇಲೆ ಸೆಲ್ಜೂಕ್ ರಾಜ್ಯದ ವಝೀರ್ ನಿಝಾಮುಲ್ ಮುಲ್ಕ್ ಅವರ ದರ್ಬಾರಿಗೆ ಹೋದರು. ಅಲ್ಲಿ ವಾದದಲ್ಲಿ ಇವರನ್ನು ಗೆದ್ದವರಿಲ್ಲ. 1091ರಲ್ಲಿ ವಝೀರರು ಇವರನ್ನು ಬಗ್ದಾದಿನ ನಿಝಾಮಿಯ್ಯ ಮದ್ರಸದ ಮುಖ್ಯ ಉಸ್ತಾದರಾಗಿ ನೇಮಿಸಿದರು. ವಯಸ್ಸು ಆಗ ಮೂವತ್ಮೂರರ ಹತ್ತಿರ. ಮುಂದೆ ಕೂರುವ ವಿದ್ಯಾರ್ಥಿಗಳು 300. ಬಗ್ದಾದಿಗೆ ಬಂದಾಗ ಅವರ ಉಡುಪು ಮತ್ತು ಸವಾರಿಯ ಬೆಲೆಯನ್ನು ಜನ 500 ದೀನಾರ್ ಎಂದು ಅಂದಾಜು ಮಾಡಿದ್ದರಂತೆ. ಉಣ್ಣೆ ನೂಲು ತೆಗೆಯುವವರ ಮಗ ಖಲೀಫನ ಪಟ್ಟಣದಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದ.

ಹುಟ್ಟಿನಿಂದ ಬಂದದ್ದು

ಹೊರಗೆ ಇಷ್ಟೆಲ್ಲ ಇದ್ದಾಗ ಒಳಗೆ ಏನು ನಡೆಯುತ್ತಿತ್ತು ಎಂಬುದನ್ನು ಅವರು ಮುಂದೆ ಅಲ್ ಮುನ್ಕಿದ್ ಮಿನಳ್ಳಲಾಲ್ ಎಂಬ ಸಣ್ಣ ಕಿತಾಬಿನಲ್ಲಿ ಬರೆದಿಟ್ಟಿದ್ದಾರೆ. ಯೌವನದಲ್ಲೇ ಅವರು ಒಂದು ವಿಷಯ ಗಮನಿಸಿದ್ದರು. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ ಬೆಳೆಯುತ್ತಾರೆ, ಯಹೂದಿಯರ ಮಕ್ಕಳು ಯಹೂದಿಯರಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿ ಬೆಳೆಯುತ್ತಾರೆ. ಪ್ರತಿ ಮಗುವೂ ಫಿತ್ರತಿನಲ್ಲಿ ಹುಟ್ಟುತ್ತದೆ, ತಾಯಿ ತಂದೆ ಅದನ್ನು ತಮ್ಮ ದಾರಿಗೆ ಹಚ್ಚುತ್ತಾರೆ ಎಂಬ ಅರ್ಥದ ಹದೀಸ್ ನಮಗೆಲ್ಲ ಗೊತ್ತು. ಎಲ್ಲರೂ ಕೇಳಿ ದಾಟಿಹೋಗುವ ಈ ಹದೀಸಿನ ಹತ್ತಿರ ಗಝಾಲಿ ನಿಂತರು. ಹಾಗಾದರೆ ನನ್ನೊಳಗೆ ಇರುವುದರಲ್ಲಿ ಸತ್ಯದಿಂದ ಬಂದದ್ದು ಯಾವುದು, ಬರೇ ಅಭ್ಯಾಸದಿಂದ ಬಂದದ್ದು ಯಾವುದು? ಈ ಪ್ರಶ್ನೆ ಬಂದ ಮೇಲೆ ಕಣ್ಣುಮುಚ್ಚಿ ಒಪ್ಪುವ ತಕ್ಲೀದಿನ ಕಟ್ಟು ಅವರೊಳಗೆ ಸಡಿಲವಾಯಿತು.

ಅವರಿಗೆ ಬೇಕಾಗಿದ್ದದ್ದು ಅಲುಗದ ತಿಳಿವು. ಮೂರಕ್ಕಿಂತ ಹತ್ತು ದೊಡ್ಡದು ಅಂತ ನಮಗೆ ಗೊತ್ತು. ಒಬ್ಬ ಬಂದು ಕೋಲನ್ನು ಹಾವು ಮಾಡಿ ತೋರಿಸಿ, ಅಲ್ಲ, ಮೂರೇ ದೊಡ್ಡದು ಅಂತ ಹೇಳಿದರೆ ಅವನ ಚಮತ್ಕಾರಕ್ಕೆ ಆಶ್ಚರ್ಯ ಪಟ್ಟೇವು, ಲೆಕ್ಕದಲ್ಲಿ ಸಂಶಯ ಪಡುವುದಿಲ್ಲ. ಅಷ್ಟು ಗಟ್ಟಿಯಾದದ್ದು ತನ್ನಲ್ಲಿ ಏನಿದೆ ಅಂತ ಹುಡುಕಿದರು. ಕಣ್ಣನ್ನು ನಂಬುವುದಾ? ನೆರಳು ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಸರಿದಿರುತ್ತದೆ. ನಕ್ಷತ್ರ ದೀನಾರ್ ನಾಣ್ಯದಷ್ಟು ಕಾಣುತ್ತದೆ, ಲೆಕ್ಕ ಹಾಕಿದರೆ ಭೂಮಿಗಿಂತ ದೊಡ್ಡದು. ಸರಿ, ಬುದ್ಧಿಯನ್ನು ನಂಬುವುದಾ? ಕಣ್ಣಿನ ತಪ್ಪನ್ನು ಬುದ್ಧಿ ಹಿಡಿದ ಹಾಗೆ, ಬುದ್ಧಿಯ ತಪ್ಪನ್ನು ಹಿಡಿಯುವ ಇನ್ನೊಂದು ಇರಬಹುದಲ್ವಾ? ಕನಸಿನಲ್ಲಿ ಕಂಡದ್ದೆಲ್ಲ ಕನಸು ಮುಗಿಯುವ ತನಕ ನಿಜವೇ ಆಗಿರುತ್ತದೆ. ಸುಮಾರು ಎರಡು ತಿಂಗಳು ಅವರು ಈ ಸ್ಥಿತಿಯಲ್ಲಿದ್ದರು. ಬಾಯಿಯಲ್ಲಿ ಹೇಳಿಕೊಳ್ಳಲಿಲ್ಲ. ಒಳಗೆ ಮಾತ್ರ ಏನೂ ನಿಲ್ಲದ ಹಾಗೆ ಆಗಿತ್ತು. ಕೊನೆಗೆ ಗುಣವಾದದ್ದು ವಾದದಿಂದಲ್ಲ, ಅಲ್ಲಾಹನು ಹೃದಯಕ್ಕೆ ಹಾಕಿದ ಒಂದು ಬೆಳಕಿನಿಂದ ಅಂತ ಅವರೇ ಹೇಳುತ್ತಾರೆ.

ಆ ಬೆಳಕು ಸಿಕ್ಕಿದ ಮೇಲೂ ಹುಡುಕಾಟ ನಿಲ್ಲಲಿಲ್ಲ. ಸತ್ಯ ನಮ್ಮಲ್ಲಿದೆ ಎಂದು ಹೇಳುವ ನಾಲ್ಕು ಗುಂಪುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕಲಾಂ ಪಂಡಿತರು, ಬಾತಿನಿಗಳು, ತತ್ವಜ್ಞಾನಿಗಳು, ಸೂಫಿಗಳು. ಪರೀಕ್ಷೆ ಅಂದರೆ ಎರಡು ಮಾತು ಕೇಳಿ ತೀರ್ಪು ಕೊಡುವುದಲ್ಲ. ತತ್ವಶಾಸ್ತ್ರವನ್ನು ಗುರುಗಳಿಲ್ಲದೆ, 300 ವಿದ್ಯಾರ್ಥಿಗಳಿಗೆ ಪಾಠ ಮಾಡಿ ಉಳಿದ ಸಮಯದಲ್ಲಿ, ಎರಡು ವರ್ಷದೊಳಗೆ ಓದಿ ಮುಗಿಸಿದರು. ಓದಿದ್ದನ್ನು ಮತ್ತೆ ಒಂದು ವರ್ಷ ಮೆಲುಕು ಹಾಕಿದರು. ಮೊದಲು ಅವರ ವಾದ ಏನೆಂದು ನ್ಯಾಯವಾಗಿ ವಿವರಿಸುವ ಒಂದು ಕಿತಾಬು ಬರೆದರು. ಆಮೇಲೆಯೇ ತಹಾಫುತುಲ್ ಫಲಾಸಿಫ ಬರೆದು 20 ವಿಷಯಗಳಲ್ಲಿ ಅವರನ್ನು ಖಂಡಿಸಿದರು.

ಇಲ್ಲಿ ಇನ್ನೊಂದು ಮುಖವನ್ನೂ ನೋಡಬೇಕು. ದೀನನ್ನು ರಕ್ಷಿಸುತ್ತೇನೆ ಅಂತ ಹೊರಟು ಗಣಿತ, ಗ್ರಹಣದ ಲೆಕ್ಕ ಇಂಥದ್ದನ್ನೆಲ್ಲ ಸುಳ್ಳು ಎನ್ನುವ ಮುಸ್ಲಿಮರನ್ನೂ ಅವರು ಬಿಡಲಿಲ್ಲ. ಇಂಥ ಅರಿವಿಲ್ಲದ ಗೆಳೆಯನಿಂದ ಇಸ್ಲಾಮಿಗೆ ಆಗುವ ನಷ್ಟ ದೊಡ್ಡದು ಎಂದು ಎಚ್ಚರಿಸಿದರು. ಮಾತು ಯಾರ ಬಾಯಿಯಿಂದ ಬಂತು ಅಂತ ನೋಡಿ ಅದನ್ನು ತಳ್ಳಬಾರದು ಎಂಬುದಕ್ಕೆ ಅವರು ಕೊಟ್ಟ ಉದಾಹರಣೆ ನಮ್ಮವರಿಗೂ ಹಿಡಿಸುತ್ತದೆ. ಹಿಜಾಮ ಮಾಡುವವನ ಗಾಜಿನ ಪಾತ್ರೆಯಲ್ಲಿ ಜೇನು ಇಟ್ಟರೆ ಜನ ಅಸಹ್ಯ ಪಡುತ್ತಾರೆ, ಆದರೆ ಪಾತ್ರೆಯಿಂದಾಗಿ ಜೇನು ಕೆಡುವುದಿಲ್ಲ.

ನಾಲಗೆ ಕಟ್ಟಿದ ದಿನ

ಸೂಫಿಗಳ ಕಿತಾಬು ಓದಿದ ಮೇಲೆ ಅವರಿಗೆ ಒಂದು ವಿಷಯ ಗೊತ್ತಾಯಿತು. ಈ ದಾರಿ ಓದುವುದರಿಂದ ಮುಗಿಯುವುದಿಲ್ಲ. ಆರೋಗ್ಯದ ವ್ಯಾಖ್ಯಾನ ಗೊತ್ತಿರುವುದು ಬೇರೆ, ಆರೋಗ್ಯವಾಗಿ ಇರುವುದು ಬೇರೆ. ಅಲ್ಲಿಂದ ಪ್ರಶ್ನೆ ಹೊರಗಿನವರ ಕಡೆಯಿಂದ ತನ್ನ ಕಡೆಗೆ ತಿರುಗಿತು. ನಾನು ಪಾಠ ಮಾಡುವುದು ಯಾಕೆ? ಅಲ್ಲಾಹನಿಗಾಗಿಯಾ, ಹೆಸರಿಗಾಗಿಯಾ? ಒಳಗಿನಿಂದ ಬಂದ ಉತ್ತರ ಅವರನ್ನು ನಡುಗಿಸಿತು. ತನ್ನ ನಿಯ್ಯತ್ತಿನಲ್ಲಿ ಇಖ್ಲಾಸ್ ಇಲ್ಲ, ತಾನು ನಿಂತಿರುವುದು ಕುಸಿಯುವ ದಂಡೆಯ ಮೇಲೆ ಎಂದು ಅವರಿಗೆ ಕಂಡಿತು.

1095ರ ರಜಬ್ ತಿಂಗಳಿನಿಂದ ಸುಮಾರು ಆರು ತಿಂಗಳು ಎಳೆದಾಟ. ಬೆಳಿಗ್ಗೆ ಎಲ್ಲ ಬಿಟ್ಟು ಹೊರಡುವ ಅಂತ ನಿಶ್ಚಯ, ಸಂಜೆ ಆಗುವಾಗ ಪ್ರಪಂಚದ ಆಸೆ ಬಂದು ಕಟ್ಟಿಹಾಕುವುದು. ಕೊನೆಗೆ ಒಂದು ದಿನ ನಾಲಗೆಯೇ ಕಟ್ಟಿತು. ಕಾದು ಕೂತ ವಿದ್ಯಾರ್ಥಿಗಳ ಸಂತೋಷಕ್ಕಾಗಿಯಾದರೂ ಒಂದು ಪಾಠ ಮಾಡಲು ನೋಡಿದರು, ಒಂದು ಶಬ್ದ ಹೊರಡಲಿಲ್ಲ. ಆ ದುಃಖದಲ್ಲಿ ಅನ್ನ ನೀರು ಗಂಟಲಿಗೆ ಇಳಿಯದಾಯಿತು. ಹಕೀಮರು ಪರೀಕ್ಷೆ ಮಾಡಿ, ಕಾಯಿಲೆ ಹೃದಯದಿಂದ ಶುರುವಾದದ್ದು, ಮನಸ್ಸಿನ ಭಾರ ಇಳಿಯದೆ ಮದ್ದು ಹಿಡಿಯದು ಎಂದು ಕೈಚೆಲ್ಲಿದರು. ಬೇರೆ ದಾರಿ ಇಲ್ಲದೆ ಗಝಾಲಿ ಅಲ್ಲಾಹನ ಮುಂದೆ ಶರಣಾದರು. ಆಗ ಸ್ಥಾನ, ಹಣ, ಹೆಸರು ಎಲ್ಲವನ್ನು ಬಿಡುವುದು ಸುಲಭವಾಯಿತು.

ಮಕ್ಕಳ ಖರ್ಚಿಗೆ ಬೇಕಾದಷ್ಟು ಇಟ್ಟು ಉಳಿದ ಹಣ ಹಂಚಿಬಿಟ್ಟರು. ನಿಝಾಮಿಯ್ಯದ ಪಾಠವನ್ನು ತಮ್ಮ ಅಹ್ಮದ್ ಗಝಾಲಿ ನೋಡಿಕೊಂಡರು. ಖಲೀಫ ಮತ್ತು ಗೆಳೆಯರು ತಡೆಯುತ್ತಾರೆ ಎಂಬ ಹೆದರಿಕೆಯಿಂದ ಮಕ್ಕಾಕ್ಕೆ ಅಂತ ಹೇಳಿ ಶಾಮಿನ ದಾರಿ ಹಿಡಿದರು. ದಮಾಸ್ಕಸಿನ ದೊಡ್ಡ ಪಳ್ಳಿಯ ಮಿನಾರ ಹತ್ತಿ, ಬಾಗಿಲು ಹಾಕಿಕೊಂಡು ಇಡೀ ದಿನ ಇಬಾದತ್ತಿನಲ್ಲಿ ಕೂರುತ್ತಿದ್ದರು. ಅಲ್ಲಿಂದ ಬೈತುಲ್ ಮುಖದ್ದಸ್‌ಗೆ ಹೋದರು. ಇಬ್ರಾಹೀಂ ನಬಿ (ಅ.) ಅವರ ಖಬರ್ ಇರುವ ಖಲೀಲ್ ಪಟ್ಟಣದಲ್ಲಿ ಮೂರು ಶಪಥ ಮಾಡಿದರು. ದೊರೆಗಳ ಆಸ್ಥಾನಕ್ಕೆ ಹೋಗುವುದಿಲ್ಲ, ಅವರ ಹಣ ಮುಟ್ಟುವುದಿಲ್ಲ, ಜನರ ಮುಂದೆ ವಾದಕ್ಕೆ ಕೂರುವುದಿಲ್ಲ. ಬಾಪ ಪೂಜಿಸಿದ್ದನ್ನು ತಾನೂ ಪೂಜಿಸಬೇಕಾ ಅಂತ ಮೊದಲು ಕೇಳಿದ ನಬಿಯ ಖಬರಿನ ಹತ್ತಿರ ಈ ಶಪಥ ನಡೆದದ್ದು ನಮ್ಮ ಮನಸ್ಸಿಗೆ ನಾಟುತ್ತದೆ. ಆಮೇಲೆ ಹಜ್ಜ್ ಮುಗಿಸಿದರು. ಮಕ್ಕಳ ನೆನಪು ಎಳೆದು ಕೊನೆಗೆ ತೂಸ್‌ಗೆ ತಿರುಗಿ ಬಂದರು. ಹಿಂದೆ ಉಡುಪಿನ ಬೆಲೆ 500 ದೀನಾರ್ ಅಂದಿದ್ದವರು ಈಗ ಮೈಮೇಲಿನ ಬಟ್ಟೆಗೆ 15 ಖೀರಾತ್ ಬೆಲೆ ಕಟ್ಟಿದರಂತೆ. ಒಂದು ದೀನಾರಿಗಿಂತಲೂ ಕಡಿಮೆ.

ಇಹ್ಯಾ ಕೇಳಿದ ಪ್ರಶ್ನೆಗಳು

ಈ ಏಕಾಂತದ ವರ್ಷಗಳ ಫಲವೇ ಇಹ್ಯಾ ಉಲೂಮುದ್ದೀನ್. ನಾಲ್ಕು ಭಾಗ, ಒಂದೊಂದರಲ್ಲಿ ಹತ್ತು, ಒಟ್ಟು 40 ಕಿತಾಬು. ಇಬಾದತ್, ದಿನನಿತ್ಯದ ನಡವಳಿಕೆ, ಮನುಷ್ಯನನ್ನು ಹಾಳುಮಾಡುವ ಗುಣ, ಅವನನ್ನು ಪಾರುಮಾಡುವ ಗುಣ. ಹೆಸರೇ ಹೇಳುತ್ತದೆ, ದೀನಿನ ಇಲ್ಮಿಗೆ ಮತ್ತೆ ಜೀವ ಕೊಡುವುದು ಅಂತ. ನಮಾಝ್, ಉಪವಾಸ, ಮದುವೆ, ವ್ಯಾಪಾರ ಎಲ್ಲ ಜನರಲ್ಲಿ ಇತ್ತು. ಜೀವ ಹೋಗಿತ್ತು ಎಂಬುದು ಅವರ ನೋವು.

ತಮ್ಮ ಕಾಲದವರು ಮರ್ಯಾದೆ ಅಂತ ತಿಳಿದಿದ್ದನ್ನೇ ಅವರು ಪ್ರಶ್ನಿಸಿದರು. ಎಷ್ಟೋ ಊರಿನಲ್ಲಿ ಫಿಕ್ಹ್ ವಾದಕ್ಕೆ ಜನ ತುಂಬಿದ್ದಾರೆ, ರೋಗಿ ನೋಡಲು ಒಬ್ಬ ಮುಸ್ಲಿಂ ವೈದ್ಯ ಇಲ್ಲ. ವೈದ್ಯವೂ ಸಮುದಾಯದ ಮೇಲಿನ ಫರ್ಳ್ ಕಿಫಾಯ ಅಲ್ವಾ, ಯಾಕೆ ಯಾರೂ ಕಲಿಯುವುದಿಲ್ಲ ಅಂತ ಕೇಳಿದರು. ಹಣ, ಸ್ಥಾನ ಸಿಗುವ ಕಡೆ ಮಾತ್ರ ಓಡುತ್ತಿದ್ದೀರಿ ಅಂತ ಆಲಿಮರ ಮುಖಕ್ಕೇ ಹೇಳಿದ ಹಾಗಾಯಿತು. ಹಸಿದ ನೆರೆಯವರನ್ನು ಬಿಟ್ಟು ಮೇಲಿಂದ ಮೇಲೆ ಹಜ್ಜಿಗೆ ಹೋಗುವವರನ್ನು, ಪಳ್ಳಿ ಕಟ್ಟಿಸಿ ಗೋಡೆಯಲ್ಲಿ ತನ್ನ ಹೆಸರು ಬರೆಸುವ ಶ್ರೀಮಂತರನ್ನು ಮೋಸಹೋದವರ ಸಾಲಿಗೆ ಸೇರಿಸಿದರು. ಮದುವೆಯ ಕಿತಾಬಿನಲ್ಲಿ, ಹೆಣ್ಣಿನ ಕಡೆಯ ಆಸ್ತಿ ವಿಚಾರಿಸುವುದು ಗಂಡಿಗೆ ತಕ್ಕದ್ದಲ್ಲ ಎಂದು ಬರೆದು, ಹಾಗೆ ವಿಚಾರಿಸುವವನನ್ನು ಸುಫ್ಯಾನುಸ್ಸೌರಿ (ರ.) ಕಳ್ಳ ಎಂದು ಎಣಿಸಿದ್ದನ್ನು ನೆನಪಿಸಿದರು.

ನಮ್ಮ ಕರಾವಳಿಯಲ್ಲಿ ಇದನ್ನು ಓದುವಾಗ ತಲೆ ಎತ್ತುವುದು ಕಷ್ಟ. ಗಂಡು ಕೊಡಬೇಕಾದ ಮಹರ್ ದೀನ್. ಹೆಣ್ಣಿನ ಕಡೆಯವರಲ್ಲಿ ಎಷ್ಟು ಪವನ್ ಅಂತ ಕೇಳುವುದು ಊರಿನ ಪದ್ಧತಿ. ಆದರೂ ಎಷ್ಟೋ ಬಾಪಂದಿರು ಸಾಲ ಮಾಡಿ, ಜಾಗ ಮಾರಿ ಆ ಪದ್ಧತಿಯನ್ನು ಸಾಗಿಸಿದ್ದಾರೆ. ಎಷ್ಟೋ ಹೆಣ್ಣುಮಕ್ಕಳು ಮದುವೆಯಾಗದೆ ಮನೆಯಲ್ಲೇ ಉಳಿದಿದ್ದಾರೆ. ಹಿಂದಿನಿಂದ ಬಂದದ್ದು ಎಂಬ ಒಂದೇ ಮಾತು ಅದನ್ನು ಇಷ್ಟು ಕಾಲ ಉಳಿಸಿತು. ಇದನ್ನು ಪ್ರಶ್ನಿಸುವ ಮಗ ದೀನಿನ ವಿರುದ್ಧ ಹೋಗುತ್ತಿಲ್ಲ, ಇಹ್ಯಾದ ದಾರಿಯಲ್ಲಿಯೇ ಇದ್ದಾನೆ.

ಪ್ರಶ್ನೆಗೆ ಬೆಲೆ ಕೊಡದೆ ಆಗುವುದಿಲ್ಲ. 1109ರಲ್ಲಿ ಅಂದುಲುಸ್‌ನಲ್ಲಿ ಅಲ್ಲಿನ ಆಲಿಮರು ಒತ್ತಾಯಿಸಿ, ದೊರೆಯ ಅಪ್ಪಣೆಯಿಂದ ಇಹ್ಯಾವನ್ನು ಸುಟ್ಟರು. ಸುಟ್ಟವರ ಹೆಸರು ಇವತ್ತು ಯಾರಿಗೂ ಬೇಡ. ಇಹ್ಯಾ ಲೋಕದ ತುಂಬ ಇದೆ.

ಬಿಟ್ಟದ್ದೇನು, ಉಳಿಸಿಕೊಂಡದ್ದೇನು

ಒಂದು ವಿಷಯ ಸ್ಪಷ್ಟ ಮಾಡಬೇಕು. ಗಝಾಲಿಯವರು ಪ್ರಶ್ನಿಸಿದರು ಅಂತ ಎಲ್ಲವನ್ನೂ ಎಸೆದವರಲ್ಲ. ಅವರು ಕಡೆಯವರೆಗೂ ಶಾಫಿಈ ಮದ್‌ಹಬಿನಲ್ಲೇ ಇದ್ದರು. ಅವರ ಅಲ್ ವಜೀಝ್ ಕಿತಾಬಿನ ಮೇಲೆ ರಾಫಿಈ (ರ.) ದುಡಿದರು, ಅವರ ಕೆಲಸವನ್ನು ನವವಿ (ರ.) ಮುಂದುವರಿಸಿದರು. ನಮ್ಮ ದರ್ಸ್‌ಗಳಲ್ಲಿ ಮುತಅಲ್ಲಿಮರು ಇವತ್ತಿಗೂ ಓದುವ ಫತ್‌ಹುಲ್ ಮುಈನ್, ತುಹ್ಫದಂಥ ಕಿತಾಬುಗಳಿಗೆ ಇದೇ ಪರಂಪರೆಯ ನೀರು ಬಂದಿದೆ. ಫಿಕ್ಹ್ ವಿಷಯದಲ್ಲಿ ಸಾಮಾನ್ಯ ಜನರು ತಿಳಿದ ಇಮಾಮರನ್ನು ಅನುಸರಿಸಬೇಕು ಎಂದೇ ಅವರು ಹೇಳಿದ್ದಾರೆ. ಬಾಪನ ಮನೆಯಿಂದ ಹೊರಟು ಹುಡುಕಿದವರು ಅದೇ ಮನೆಗೆ ಬಂದರು. ಆದರೆ ಈ ಸಲ ಬಾಗಿಲಿನ ಬೀಗದಕೈ ತಮ್ಮ ಕೈಯಲ್ಲೇ ಇತ್ತು.

1106ರಲ್ಲಿ ನಿಝಾಮುಲ್ ಮುಲ್ಕ್‌ರ ಮಗ ಫಖ್ರುಲ್ ಮುಲ್ಕ್ ಒತ್ತಾಯಿಸಿದ್ದರಿಂದ ನೈಶಾಪುರದಲ್ಲಿ ಮತ್ತೆ ಪಾಠ ಮಾಡಿದರು. ನೋಡುವವರಿಗೆ ಹಳೆಯ ಕೆಲಸವೇ. ಅವರ ಪ್ರಕಾರ ಹಾಗಲ್ಲ. ಹಿಂದೆ ಕಲಿಸಿದ್ದು ಸ್ಥಾನ ಗಳಿಸುವ ಇಲ್ಮ್, ಈಗ ಕಲಿಸುವುದು ಸ್ಥಾನವನ್ನು ಬಿಡಿಸುವ ಇಲ್ಮ್. ಆಮೇಲೆ ಹುಟ್ಟಿದೂರಿಗೆ ಬಂದು ಮನೆಯ ಪಕ್ಕದಲ್ಲೇ ಒಂದು ಮದ್ರಸ, ಒಂದು ಖಾನ್‌ಖಾ ನಡೆಸಿದರು. 1111ರ ಡಿಸೆಂಬರ್, ಹಿಜರಿ 505ರ ಜಮಾದುಲ್ ಆಖಿರ್ 14, ಸೋಮವಾರ. ಅಂದು ಸುಬ್‌ಹಿಗೆ ವುಳೂ ಮಾಡಿ ನಮಾಝ್ ಮುಗಿಸಿದರು. ಕಫನ್ ಬಟ್ಟೆ ತರಿಸಿ, ಮುತ್ತಿಟ್ಟು, ಕಣ್ಣಿಗೊತ್ತಿಕೊಂಡು, ಒಡೆಯನ ಬಳಿಗೆ ಹೋಗಲು ಒಪ್ಪಿಗೆ ಹೇಳಿ, ಖಿಬ್ಲಾದ ಕಡೆ ಕಾಲು ಚಾಚಿ ಮಲಗಿದರು. ಬೆಳಕು ಪೂರ್ತಿ ಹರಿಯುವ ಮೊದಲೇ ರೂಹ್ ಹೋಗಿತ್ತು. ಇದನ್ನು ತಿಳಿಸಿದವರು ತಮ್ಮ ಅಹ್ಮದ್.

ನಮ್ಮ ಮನೆಗಳಲ್ಲಿ ಪ್ರಶ್ನೆ ಕೇಳುವ ಮಕ್ಕಳಿದ್ದಾರೆ. ಅವರಿಗೆ ನಾವು ಹೇಳಬೇಕಾದದ್ದು ಇಷ್ಟೆ. ಕೇಳು, ಆದರೆ ಗಝಾಲಿಯವರು ಕೇಳಿದ ಹಾಗೆ ಕೇಳು. ಮೊಬೈಲಿನಲ್ಲಿ ಎರಡು ನಿಮಿಷ ನೋಡಿ ಬಿಟ್ಟುಬಿಡುವ ಬದಲು ವರ್ಷ ಕೊಟ್ಟು ಓದು. ಬೇರೆಯವರಿಗೆ ಕೇಳಿದ ಪ್ರಶ್ನೆಯನ್ನು ನಿನ್ನ ನಫ್ಸಿಗೂ ಕೇಳು. ತಪ್ಪಿಸಿಕೊಳ್ಳಲು ಕೇಳುವುದು, ತಿಳಿಯಲು ಕೇಳುವುದು ಎರಡೂ ಒಂದೇ ಅಲ್ಲ. ತಾಯಿ ತಂದೆಯರಿಗೂ, ನಮ್ಮಂಥ ಮದ್ರಸದ ಉಸ್ತಾದರಿಗೂ ಇದರಲ್ಲಿ ಪಾಲಿದೆ. ಗದರಿಸಿ ಕೂರಿಸಿದ ಮಗನ ದೀನ್ ಚೀಲದಲ್ಲಿ ಮಾತ್ರ ಇರುತ್ತದೆ, ದಾರಿಯಲ್ಲಿ ಯಾರು ಬೇಕಾದರೂ ಅದನ್ನು ಕಿತ್ತುಕೊಳ್ಳಬಹುದು. ಪಕ್ಕದಲ್ಲಿ ಕೂರಿಸಿಕೊಂಡು, ಗೊತ್ತಿದ್ದದ್ದು ಹೇಳಿ, ಗೊತ್ತಿಲ್ಲದ್ದನ್ನು ತಿಳಿದವರ ಹತ್ತಿರ ಒಟ್ಟಿಗೆ ಹೋಗಿ ಕೇಳಿದರೆ ಅದು ಎದೆಯೊಳಗೆ ಇಳಿಯುತ್ತದೆ.

ಅಲ್ಲಾಹನು ಇಮಾಮ್ ಗಝಾಲಿಯವರ ದರಜೆಯನ್ನು ಏರಿಸಲಿ. ನಮಗೂ ನಮ್ಮ ಮಕ್ಕಳಿಗೂ ಸತ್ಯವನ್ನು ಸತ್ಯವಾಗಿ ಕಾಣುವ ತೌಫೀಕ್ ಕೊಡಲಿ. ಆಮೀನ್.